ರೇಡಿಯೊ ಮಾವನ ಎಡಹುಬ್ಬು

ಹುಬ್ಬೇರಿಸಬೇಕೆಂದರೆ ಮೊದಲು ಹುಬ್ಬು ಇರಬೇಕು. ಇಷ್ಟು ಸರಳವಾದ ಸಂಗತಿ ರೇಡಿಯೊ ಮಾವನಿಗೆ ಹೊಳೆದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಎರಡೂ ಹುಬ್ಬುಗಳು ಹೇಳದೆ ಕೇಳದೆ ಉದುರಿಹೋದ ಮೇಲೆ.

ಆತ ಕ್ಷೌರಿಕ. ಎರಡು ಕುರ್ಚಿ, ಒಂದು ಬೆಂಚು, ಗೋಡೆಯುದ್ದ ಕನ್ನಡಿ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಕತ್ತರಿ, ಬಾಚಣಿಗೆ, ಪೌಡರ್ ಡಬ್ಬಿ, ಹಸಿರು ಲೋಷನ್ನಿನ ಸೀಸೆ. ಪಕ್ಕದಲ್ಲೇ, ಕೆನ್ನೆ ಎಲ್ಲಾದರೂ ಗೀರಿದರೆ ಒತ್ತಿ ರಕ್ತ ನಿಲ್ಲಿಸಲು ಬೆಳ್ಳಗಿನ ಪಟಿಕದ ಕಲ್ಲು. ಬ್ಲೇಡು ಗಿರಾಕಿಗೊಂದು ಬದಲಾಗುತ್ತಿತ್ತು. ಕಲ್ಲು ಮಾತ್ರ ವರ್ಷಕ್ಕೊಂದು, ಅದೂ ಸವೆದು ಸವೆದು ಹೋಟೆಲ್ ಸೋಪಿನಷ್ಟಾದಾಗ.

ರೇಡಿಯೊ ಎಂಬ ಹೆಸರು ಬಂದದ್ದು ಅಂಗಡಿಯಲ್ಲಿ ರೇಡಿಯೊ ಇದ್ದುದರಿಂದಲ್ಲ, ಅದರ ಅಗತ್ಯವೇ ಬೀಳದಿದ್ದುದರಿಂದ. ಬೀದಿಯ ಅಷ್ಟೂ ಜನ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಟೈಲರನ ಕೆಮ್ಮು, ಬಸ್ ಡ್ರೈವರನ ಬೈಗುಳ, ಹೆಂಡತಿ ಫೋನಿನಲ್ಲಿ 'ಇಡ್ತೀನಿ, ಇಡ್ತೀನಿ' ಎನ್ನುತ್ತ ಅರ್ಧ ಗಂಟೆ ಇಡದೇ ಇರುವುದು, ಎಲ್ಲವೂ ಬರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಐಟಂ ಎಂದರೆ ಹೆಡ್‌ಮೇಷ್ಟ್ರು. ಅದರಲ್ಲಿ ದನಿಗಿಂತ ಹುಬ್ಬಿನ ಕೆಲಸ ಹೆಚ್ಚು: ಬಲಹುಬ್ಬು ಇಳಿಸಿ, ಎಡಹುಬ್ಬನ್ನು ನೆತ್ತಿಯ ಕಡೆಗೆ ಹತ್ತಿಸಿ, "ಯಾರದು ಹಿಂದಿನ ಬೆಂಚು?" ಎಂದರೆ ಸೋಪು ಹಚ್ಚಿಸಿಕೊಂಡು ಕೂತ ಮುದುಕರೂ ನೆಟ್ಟಗಾಗುತ್ತಿದ್ದರು.

ಹುಬ್ಬು ಹೋದ ಮೇಲೆ ಹೆಡ್‌ಮೇಷ್ಟ್ರು ಮುಖವಿಲ್ಲದವರಾದರು. ಹೆಂಡತಿಯ ಕಪ್ಪು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಕೆಲವು ತಿಂಗಳು ತಳ್ಳಿದ. ಒಂದು ಮಧ್ಯಾಹ್ನ, ಸೆಕೆಯಲ್ಲಿ, ಡೈಲಾಗಿನ ನಡುವೆ ತೋಳಿನಿಂದ ಬೆವರು ಒರೆಸಿಕೊಂಡ. ಎಡಹುಬ್ಬು ಹೋಗಿ ಕಿವಿಯ ಹತ್ತಿರ ಕೂತಿತು. ಬೆಂಚು ಬಿದ್ದು ಬಿದ್ದು ನಕ್ಕಿತು. ನಗಿಸುವುದೇ ಅವನ ಚಟ, ಆದರೆ ಆ ನಗು ಬೇರೆ ಥರದ್ದು. ಮೂವತ್ತು ವರ್ಷ ನಗು ಕೇಳಿದ ಕಿವಿಗೆ ವ್ಯತ್ಯಾಸ ತಿಳಿಯದೇ ಇರುತ್ತದೆಯೆ?

"ನಿಮ್ಮ ತಂಗಿ ಮಗಳೇ ಇದ್ದಾಳಲ್ರೀ," ಎಂದಳು ಹೆಂಡತಿ. "ಹೋಗಿ ಹಾಕಿಸ್ಕೊಂಡು ಬನ್ನಿ. ನನ್ನ ಪೆನ್ಸಿಲ್ಲೂ ಹೆಬ್ಬೆರಳಷ್ಟಾಯ್ತು."

ತಂಗಿಯ ಮಗಳು ಆರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಆಮೇಲೆ ಸೂಜಿಯಿಂದ ಚರ್ಮದೊಳಗೆ ಬಣ್ಣ ಇಟ್ಟು ಹುಬ್ಬು ಮೂಡಿಸುವ ಕೆಲಸ ಕಲಿತು, ಅದೇ ಬೀದಿಯಲ್ಲಿ ಟೈಲರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದಳು. ಬರುವವರೆಲ್ಲ ಹೆಂಗಸರು. ಮಾವ ಹಿಂದಿನ ಮೆಟ್ಟಿಲು ಹತ್ತಿ, ಮುಖಕ್ಕೆ ದಿನಪತ್ರಿಕೆ ಅಡ್ಡ ಹಿಡಿದುಕೊಂಡು ಹೋದ.

ಅವಳು ಆ ದಿನ ಹುಬ್ಬು ಹಾಕಲೇ ಇಲ್ಲ. ಕಿವಿಯ ಹಿಂದೆ ಒಂದು ಚುಕ್ಕೆ ಬಣ್ಣ ಚುಚ್ಚಿ ಕಳಿಸಿದಳು.

"ಕಿವಿ ಹಿಂದೆ ಹುಬ್ಬು ಇಟ್ಕೊಂಡು ಯಾರಿಗೇ ತೋರಿಸ್ಲಿ?"

"ಒಂದು ವಾರ ನೋಡೋಣ ಮಾವ. ಬಣ್ಣ ಮೈಗೆ ಒಗ್ಗುತ್ತಾ ಇಲ್ವಾ ಅಂತ. ಕಡಿತ, ಊತ ಏನೂ ಬರದಿದ್ರೆ ಬನ್ನಿ."

ವಾರದ ಮೇಲೆ ಹೋದರೆ ಒಂದು ಕಾಗದ ತೆಗೆದಳು. ಸಕ್ಕರೆ ಕಾಯಿಲೆ ಇದೆಯೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತೀರಾ, ಗಾಯ ಮಾಗಿದ ಮೇಲೆ ಗಂಟು ಕಟ್ಟುತ್ತಾ. ಪ್ರತಿ ಪ್ರಶ್ನೆಗೂ ಅವನು ಒಬ್ಬೊಬ್ಬರ ದನಿಯಲ್ಲಿ 'ಇಲ್ಲ' ಎಂದ. ಒಂದು ಟೈಲರನದು, ಕೆಮ್ಮಿನ ಸಮೇತ.

"ನಿಮ್ಮ ದನೀಲಿ ಹೇಳಿ ಮಾವ," ಎಂದಳು ಅವಳು, ನಗುತ್ತಲೇ. "ಸೂಜಿ ಹಾಕೋದು ನಿಮಗೆ, ಟೈಲರಿಗಲ್ಲ."

ಕೂರಿಸಿಕೊಂಡು, ದಾರ ಹಿಡಿದು ಅಳೆದು, ಪೆನ್ಸಿಲ್ಲಿನಿಂದ ಗುರುತು ಹಾಕಿ ಕನ್ನಡಿ ಕೈಗೆ ಕೊಟ್ಟಳು. ಮಾವನಿಗೆ ಇಪ್ಪತ್ತರ ವಯಸ್ಸಿನ ಹುಬ್ಬು ಬೇಕಿತ್ತು, ಕಂಬಳಿಹುಳದಷ್ಟು ದಪ್ಪದ್ದು. ಅವಳು ಒಪ್ಪಲಿಲ್ಲ. "ಹುಬ್ಬಿಗೆ ಇಪ್ಪತ್ತು, ಕೆನ್ನೆಗೆ ಐವತ್ತೆರಡು ಅಂದ್ರೆ ಎರಡೂ ಜಗಳ ಆಡ್ತವೆ." ಮರಗಟ್ಟುವ ಮುಲಾಮು ಹಚ್ಚಿ, ಕೈಗವಸು ತೊಟ್ಟು, ಒಂದು ಪುಟ್ಟ ಪೊಟ್ಟಣವನ್ನು ಅವನ ಕಣ್ಣೆದುರೇ ಹರಿದಳು. "ಮಾವ, ನೋಡಿ, ಸೀಲು. ಇದು ನಿಮಗೊಬ್ಬರಿಗೇ. ಮುಗಿದ ಮೇಲೆ ಈ ಡಬ್ಬಿಗೆ."

ಎರಡು ಗಂಟೆಯಲ್ಲಿ ಕೂದಲೆಳೆಯಂಥ ಗೆರೆಗಳ ಎರಡು ಹುಬ್ಬು ಎದ್ದು ನಿಂತವು. ಕನ್ನಡಿ ನೋಡಿದ ಮಾವನಿಗೆ ಒಂದು ಕ್ಷಣ ಯಾರ ದನಿಯೂ ಬರಲಿಲ್ಲ.

"ಈಗಲೇ ಖುಷಿಪಡಬೇಡಿ," ಎಂದಳು ಅವಳು. "ಎರಡು ಮೂರು ದಿನ ಇದ್ದಿಲಲ್ಲಿ ಬರೆದ ಹಾಗಿರುತ್ತೆ. ಆಮೇಲೆ ಹಕ್ಕಳೆ ಕಟ್ಟಿ ಉದುರುತ್ತೆ, ಏನೂ ಉಳಿದೇ ಇಲ್ವೇನೋ ಅನ್ಸುತ್ತೆ. ತಿಂಗಳಿಗೆ ಬಣ್ಣ ಮೇಲೆ ಬರುತ್ತೆ. ಆರು ವಾರಕ್ಕೆ ತಿದ್ದಿಸ್ಕೊಳ್ಳೋಕೆ ಬನ್ನಿ. ಒಂದೆರಡು ವರ್ಷಕ್ಕೆ ಮಸುಕಾಗುತ್ತೆ."

"ಬೋರ್ಡಲ್ಲಿ ಪರ್ಮನೆಂಟು ಅಂತೀಯ, ಇಲ್ಲಿ ಮಸುಕಾಗುತ್ತೆ ಅಂತೀಯ!"

"ನೌಕರೀಲಿ ಪರ್ಮನೆಂಟ್ ಆದೋರೂ ರಿಟೈರ್ ಆಗಲ್ವಾ ಮಾವ?"

ಹಚ್ಚಿಕೊಳ್ಳಲು ಒಂದು ಮುಲಾಮು ಕೈಗಿಟ್ಟು, ಇನ್ನೂ ಏನೇನೋ ಹೇಳಿದಳು. ಮಾವ ಕನ್ನಡಿಯಲ್ಲೇ ಇದ್ದ. "ಆಯ್ತು ಬಿಡೇ, ಮೂವತ್ತು ವರ್ಷದಿಂದ ಚರ್ಮದ ಮೇಲೇ ಬದುಕ್ತಿರೋನು ನಾನು," ಎಂದು ಕಾಗದಕ್ಕೆ ಸಹಿ ಗೀಚಿ ಎದ್ದ.

ನಾಲ್ಕನೆಯ ದಿನ ಬೆಳಿಗ್ಗೆ, ಬಸ್ ಡ್ರೈವರನ ಗಡ್ಡ ಮುಗಿಸಿ ಮುಖ ಒರೆಸಿಕೊಳ್ಳುವಾಗ ಟವೆಲ್ಲಿನ ಎಳೆಗೆ ಎಡಹುಬ್ಬಿನ ಹಕ್ಕಳೆ ಸಿಕ್ಕಿಕೊಂಡಿತು. ಎಳೆದಾಗ ಸಾಸಿವೆಯಷ್ಟು ರಕ್ತ. ಕನ್ನಡಿಯಲ್ಲಿ ಒಂದು ಮುಖ, ಆ ಮುಖದಲ್ಲಿ ರಕ್ತ. ಇಷ್ಟು ಕಂಡರೆ ಸಾಕು, ಅವನ ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ. ಪಟಿಕದ ಕಲ್ಲು ಎತ್ತಿತು, ನೀರಿನಲ್ಲಿ ಅದ್ದಿತು, ಹುಬ್ಬಿನ ಮೇಲೆ ಎಳೆಯಿತು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಮೇಲೊಂದಿಷ್ಟು ಹಸಿರು ಲೋಷನ್ ತಟ್ಟಿತು. ಉರಿ ನೆತ್ತಿಗೇರಿದಾಗಲೇ ತಲೆಗೆ ಸುದ್ದಿ ಮುಟ್ಟಿದ್ದು.

ಅಷ್ಟಕ್ಕೇ ನಿಲ್ಲಿಸಿದ್ದರೆ ಬೇರೆ ಮಾತು. ಉರಿ ಆರಿದ ಮೇಲೆ ತುರಿಕೆಯೂ ನಿಂತಿತು, ಹಾಯಾಯಿತು. ಮರುದಿನವೂ ಎಳೆದ. ಅದರ ಮರುದಿನವೂ, ಆಮೇಲಿನ ದಿನವೂ. ಅದೇ ಕಲ್ಲು: ಬೆಳಗಿನಿಂದ ಡ್ರೈವರನ ದವಡೆ, ಕಾಂಪೌಂಡರನ ಮೊಡವೆ, ಇನ್ಯಾರದೋ ಕತ್ತಿನ ಗುಳ್ಳೆ ಎಲ್ಲವನ್ನೂ ಸವರಿ ಬಂದದ್ದು.

ಎಂಟನೆಯ ದಿನ ಎಡಗಣ್ಣಿನ ಮೇಲೆ ನೆಲ್ಲಿಕಾಯಿ ಗಾತ್ರದ ಊತ. ಹುಬ್ಬಿನ ತುದಿಯಲ್ಲಿ ಕೀವು.

"ಅಯ್ಯೋ, ಏನ್ರೀ ಇದು!" ಎಂದಳು ಹೆಂಡತಿ.

"ನಿನ್ನ ನಾದಿನಿ ಮಗಳ ಕೈಗುಣ," ಎಂದ ಮಾವ.

ಹೀಗೆ ಹೇಳಬೇಕೆಂದು ಯೋಚಿಸಿರಲಿಲ್ಲ. ಕೈ ಕಲ್ಲನ್ನು ಎತ್ತಿದ ಹಾಗೆಯೇ ನಾಲಿಗೆಯೂ ಹತ್ತಿರದಲ್ಲಿ ಸಿಕ್ಕಿದ್ದನ್ನು ಎತ್ತಿತು.

ಎರಡು ಬೀದಿ ಆಚೆಯ ಚರ್ಮದ ಡಾಕ್ಟರಮ್ಮ ಕನ್ನಡಕ ಮೂಗಿಗಿಳಿಸಿ ನೋಡಿದರು. "ಏನಾದ್ರೂ ಹಚ್ಚಿದ್ರಾ ಇದಕ್ಕೆ?"

"ಏನೂ ಇಲ್ಲ ಡಾಕ್ಟ್ರೇ. ಅವಳು ಕೊಟ್ಟ ಮುಲಾಮು, ಅಷ್ಟೇ."

ಪಕ್ಕದಲ್ಲಿ ಹತ್ತಿ ಹಿಡಿದು ನಿಂತಿದ್ದವನು ಕಾಂಪೌಂಡರ್, ಅಂಗಡಿಯ ವಾರದ ಗಿರಾಕಿ. ಡಾಕ್ಟರಮ್ಮ 'ಹ್ಞೂಂ' ಎಂದು ಮಾತ್ರೆ ಬರೆದುಕೊಟ್ಟರು. ಹತ್ತು ದಿನಕ್ಕೆ ಊತ ಇಳಿಯಿತು. ಎಡಹುಬ್ಬಿನ ಕೊನೆಯ ಕಾಲುಭಾಗವೂ ಅದರೊಂದಿಗೇ ಹೋಯಿತು. ಅಲ್ಲಿ ಚರ್ಮ ಬಿಗಿದು, ಮಿರುಗುತ್ತ, ಇಸ್ತ್ರಿ ತಾಗಿದ ಬಟ್ಟೆಯ ಹಾಗೆ ಉಳಿಯಿತು.

ಬೆಂಚು ಬಿಡುತ್ತದೆಯೆ? "ಏನ್ ಮಾವ, ಹುಬ್ಬು ಅರ್ಧಕ್ಕೇ ಪವರ್ ಕಟ್ಟಾ?" ಎಂದ ಡ್ರೈವರ್.

ಮಾವ ಬಾಚಣಿಗೆ ಕೆಳಗಿಟ್ಟ. ಕತ್ತು ಸ್ವಲ್ಪ ವಾಲಿಸಿ, ಬೆರಳ ತುದಿಯಲ್ಲಿ ಇಲ್ಲದ ಪೊಟ್ಟಣ ಹಿಡಿದು, ತೆಳ್ಳಗಿನ, ಮೆತ್ತಗಿನ, ಕೊನೆಯಲ್ಲಿ ಒಂಚೂರು ಎತ್ತುವ ದನಿಯಲ್ಲಿ ಹೇಳಿದ: "ಮಾವ, ನೋಡಿ, ಸೀಲು!" ಆಮೇಲೆ ಮುಕ್ಕಾಲು ಹುಬ್ಬನ್ನು ಕುಣಿಸಿದ.

ಬೆಂಚು ಅಲುಗಿತು. ಎಷ್ಟೋ ತಿಂಗಳ ಮೇಲೆ ಹಳೆಯ ಥರದ ನಗು, ಅವನನ್ನು ನೋಡಿ ಅಲ್ಲ, ಅವನು ತೋರಿಸಿದವರನ್ನು ನೋಡಿ. ಮಾವನಿಗೆ ಹಸಿದವನಿಗೆ ಊಟ ಸಿಕ್ಕ ಹಾಗಾಯಿತು. ಅಂದಿನಿಂದ ಹೆಡ್‌ಮೇಷ್ಟ್ರ ಜಾಗಕ್ಕೆ ಈ ಐಟಂ ಬಂತು. ದಿನಕ್ಕೆ ಮೂರು ಆಟ. ಕಾಂಪೌಂಡರ್ ಎರಡು ಸಲ ಹೇಳಿಸಿಕೊಂಡು ನಕ್ಕ.

ಆರನೆಯ ವಾರ ಬಂತು. ತಿದ್ದಿಸಿಕೊಳ್ಳಲು ಹೋಗಲಿಲ್ಲ. ಅವಳು ಮಾಡಿದ ಎರಡು ಫೋನುಗಳನ್ನೂ ಎತ್ತಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಇಟ್ಟವಳು ಎದುರೇ ಕೂತಳು.

"ನಿಮ್ಮ ತಂಗಿ ಮಗಳನ್ನ ನೋಡ್ಕೊಂಡು ಬಂದೆ. ಆ ಡಾಕ್ಟರಮ್ಮ ತಮ್ಮ ಪೇಷೆಂಟ್‌ಗಳನ್ನ ಅವಳ ಹತ್ರ ಕಳಿಸ್ತೀನಿ ಅಂದಿದ್ರಂತೆ. ದೊಡ್ಡ ದೊಡ್ಡ ಕಾಯಿಲೆಗೆ ಔಷಧಿ ತಗೊಂಡು ಹುಬ್ಬು ಉದುರಿಸ್ಕೊಂಡೋರು ಪಾಪ. ಈಗ ಬೇಡ ಅಂದ್ಬಿಟ್ರಂತೆ. ಕೀವಾಗುತ್ತಂತಲ್ಲಾ ಅಂತ."

ಮಾವ ಅನ್ನ ಕಲಸುತ್ತಲೇ ಇದ್ದ. ಕಲಸಿದ್ದೇ ಕಲಸಿದ್ದು.

"ಅವಳೇನಂದ್ಲು?"

"ಏನಂತಾಳೆ? ನಿಮ್ಮ ಮೇಲೆ ಒಂದು ಮಾತಿಲ್ಲ. 'ಎಲ್ಲೋ ನಂದೇ ತಪ್ಪಿರಬೇಕು ಅತ್ತೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ' ಅಂದ್ಲು. ಒಂದು ಪೆಟ್ಟಿಗೆ ಸೂಜಿ, ಒಡೆಯದೇ ಇರೋದು, ಪೂರ್ತಿ ಎಸೆದಿದ್ದಾಳೆ. ಬಣ್ಣದ ಸೀಸೇನೂ. ಇನ್ನು ಯಾರಿಗೂ ಮಾಡಲ್ವಂತೆ, ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗೋವರೆಗೆ."

ತುತ್ತು ಗಂಟಲಲ್ಲೇ ಕೂತಿತು. ಊರವರೆಲ್ಲ ಬಾಡಿಗೆಗಿದ್ದ ಗಂಟಲದು. ಈಗ ಒಂದು ತುತ್ತಿಗೆ ಜಾಗವಿಲ್ಲ.

ಹೇಳಿಬಿಡುವುದು ಎಷ್ಟು ಹೊತ್ತಿನ ಕೆಲಸ? 'ಕಲ್ಲು ಒತ್ತಿದೆ' ಎರಡೇ ಪದ. ಆದರೆ ಕಲ್ಲು ಅವನ ಹುಬ್ಬಿಗೆ ಮಾತ್ರ ಸೇರಿದ್ದಲ್ಲ. ನನ್ನ ಕಲ್ಲಿನಿಂದ ಕೀವಾಯಿತು ಎಂದರೆ, ಇಂಥದೇ ಕಲ್ಲಿಗೆ ಮೂವತ್ತು ವರ್ಷದಿಂದ ಕೆನ್ನೆ ಕೊಟ್ಟವರು ಏನೆಂದಾರು? ಅವಳ ಕೋಣೆ ಮುಚ್ಚದಿರಬೇಕಾದರೆ ಅವನ ಅಂಗಡಿಯ ಮರ್ಯಾದೆ ಬೀದಿಗೆ ಬರಬೇಕು. ಇಷ್ಟು ದಿನ ತಾನು ಅವಳ ದನಿ ಮಾಡುತ್ತಿದ್ದದ್ದು ನಗಿಸುವುದಕ್ಕಲ್ಲ, ಬೆಂಚಿನ ಕಣ್ಣು ಹಲಗೆಯ ಮೇಲಿನ ಕಲ್ಲಿನತ್ತ ಹೋಗದಿರಲೆಂದು. ಅದು ಅವನಿಗೆ ಆಗ ತಿಳಿದದ್ದಲ್ಲ. ಮೊದಲೇ ಗೊತ್ತಿತ್ತು. ಈಗ ಒಪ್ಪಿಕೊಂಡ, ಅಷ್ಟೆ.

ಮರುದಿನ ಬೆಳಿಗ್ಗೆ ಕಲ್ಲನ್ನು ಹಲಗೆಯಿಂದ ತೆಗೆದು ಜೇಬಿಗೆ ಹಾಕಿಕೊಂಡ. ಕುರ್ಚಿಯಲ್ಲಿ ಕಾಂಪೌಂಡರ್, ಬೆಂಚಿನ ಮೇಲೆ ಡ್ರೈವರ್ ಮತ್ತು ಇಬ್ಬರು.

"ಮಾವ, ಸೀಲು ಹಾಕಪ್ಪ ಒಂದ್ಸಲ," ಎಂದ ಡ್ರೈವರ್.

"ಇಲ್ಲ," ಎಂದ ಮಾವ. "ಒಂದು ಮಾತು ಹೇಳ್ಬೇಕು. ಹುಬ್ಬು ಕೆಟ್ಟಿದ್ದು ಅವಳಿಂದಲ್ಲ. ನಾನೇ ಕೆಡಿಸ್ಕೊಂಡಿದ್ದು. ಹಸಿ ಗಾಯಕ್ಕೆ ಹಚ್ಚಬಾರದ್ದನ್ನ ಹಚ್ದೆ."

ಡ್ರೈವರ್ ತೊಡೆ ತಟ್ಟಿದ. "ಇದು ಯಾರ ದನಿ ಮಾವ? ಹೊಸದು! ಪೋಸ್ಟ್‌ಮ್ಯಾನಾ?"

"ಅಲ್ಲ ಅಲ್ಲ, ಬ್ಯಾಂಕಿನ ವಾಚ್‌ಮನ್," ಎಂದ ಇನ್ನೊಬ್ಬ. "ಅದೇ ಅಳುಬುರುಕು ದನಿ!"

"ನಂದೇ ಕಣ್ರೋ," ಎಂದ ಮಾವ.

ಅವರು ಇನ್ನೂ ಜೋರಾಗಿ ನಕ್ಕರು. ಮೂವತ್ತು ವರ್ಷ ಈ ಅಂಗಡಿಯಲ್ಲಿ ಎಲ್ಲರ ದನಿಯೂ ಕೇಳಿಬಂದಿತ್ತು. ಅವನದು ಯಾರಿಗೂ ಗುರುತು ಸಿಗಲಿಲ್ಲ.

ಮಾವ ಕಣ್ಣು ಬೆಂಚಿನ ಮೇಲಿಟ್ಟೇ ಬ್ಲೇಡು ಎಳೆದ. ಕಾಂಪೌಂಡರನ ಗಲ್ಲದಲ್ಲಿ ಒಂದು ಗೀರು. ನೊರೆಯ ಮೇಲೆ ಕೆಂಪು ಗೆರೆ. ಕಾಂಪೌಂಡರ್ ರೂಢಿಯಂತೆ ಗಲ್ಲ ಮುಂದೆ ಚಾಚಿದ. "ಕಲ್ಲು ಒತ್ತು ಮಾವ."

"ಒತ್ತಲ್ಲ."

"ಯಾಕೆ?"

"ನಿನಗೆ ಒತ್ತಿದ ಕಲ್ಲನ್ನೇ ನಾಲ್ಕು ದಿನ ಹುಬ್ಬಿಗೆ ಒತ್ಕೊಂಡೆ. ಅದರಿಂದಾನೇ ಕೀವಾಗಿದ್ದು."

ಈ ಸಲ ಯಾರೂ ದನಿ ಯಾರದೆಂದು ಕೇಳಲಿಲ್ಲ. ಡ್ರೈವರನ ಕೈ ತಾನಾಗಿ ತನ್ನ ದವಡೆಗೆ ಹೋಯಿತು. "ಹೋದ ತಿಂಗಳು ನಂಗೆ ಇಲ್ಲಿ ಗುಳ್ಳೆ ಎದ್ದು ಹದಿನೈದು ದಿನ ಒದ್ದಾಡಿದ್ನಲ್ಲ…" ಎಂದು ಶುರುಮಾಡಿದವನು ಮುಗಿಸಲಿಲ್ಲ. ಬೆಂಚಿನ ತುದಿಯಲ್ಲಿದ್ದವನು ಪತ್ರಿಕೆ ಮಡಚಿಟ್ಟು, "ಆಮೇಲೆ ಬರ್ತೀನಿ" ಎಂದು ಹೊರಟ. ಆಮೇಲೆ ಎಂದರೆ ಯಾವಾಗ ಎಂದು ಮಾವ ಕೇಳಲಿಲ್ಲ.

ಹತ್ತಿಯನ್ನು ಗಲ್ಲಕ್ಕೆ ಒತ್ತಿ ಹಿಡಿದು, ಮಾವ ತಗ್ಗಿದ ದನಿಯಲ್ಲಿ ಹೇಳಿದ: "ಡಾಕ್ಟರಮ್ಮಂಗೆ ಒಂದು ಮಾತು ಹೇಳಿಬಿಡಪ್ಪ."

ಕಾಂಪೌಂಡರ್ ಅರ್ಧ ಬೋಳಿಸಿದ ಮುಖದಲ್ಲೇ ಕನ್ನಡಿಯೊಳಗಿನಿಂದ ಅವನನ್ನು ನೋಡಿದ. "ಸುಳ್ಳು ಹೇಳೋವಾಗ ನೀನೇ ಹೇಳಿದ್ದೆ. ಇದನ್ನ ಹೇಳೋಕೆ ನಾನಾ?"

ಮಾವ ತಾನೇ ಹೋಗಿ ಡಾಕ್ಟರಮ್ಮನ ಕೋಣೆಯ ಹೊರಗೆ ಒಂದು ಗಂಟೆ ಕಾದ. ಎದುರಿನ ಕುರ್ಚಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಹುಬ್ಬಿನ ಜಾಗ ಖಾಲಿ. ಅವಳು ಅವನ ಒಂದೂಮುಕ್ಕಾಲು ಹುಬ್ಬನ್ನು ಕದ್ದು ನೋಡಿದಳು, ಅಸೂಯೆಯಿಂದ. ಮಾವ ನೆಲ ನೋಡಿದ.

ಒಳಗೆ ಹೋಗಿ ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಆ ಕಲ್ಲು ಇನ್ನೂ ಇದೆಯಾ?" ಎಂದಷ್ಟೇ ಕೇಳಿದರು.

ಜೇಬಿನಿಂದ ತೆಗೆದು ಮುಂದೆ ಹಿಡಿದ.

"ಮೇಜಿನ ಮೇಲಲ್ಲ," ಎಂದು ಅವರು ಕಾಲಿನಿಂದ ಕಸದ ಬುಟ್ಟಿಯನ್ನು ಅವನ ಕಡೆಗೆ ತಳ್ಳಿದರು. ಕಲ್ಲು ಬಿದ್ದ ಸದ್ದು ಅಷ್ಟು ಸಣ್ಣ ಕಲ್ಲಿಗೆ ತೀರಾ ಜೋರಾಯಿತು. "ಆ ಹುಡುಗಿಗೆ ನಾನೇ ಫೋನ್ ಮಾಡ್ತೀನಿ. ಆದ್ರೆ ಮೊದಲು ನೀವು ಹೋಗಿ."

ಈ ಸಲ ಮುಂದಿನ ಮೆಟ್ಟಿಲು ಹತ್ತಿದ. ಕೋಣೆ ಒಪ್ಪವಾಗಿತ್ತು, ಖಾಲಿಯಾಗಿತ್ತು. ಅವಳು ಕೂತು ಒಂದು ಹಳೆಯ ಪಟ್ಟಿಯಲ್ಲಿ ಬಣ್ಣದ ಸೀಸೆಗಳ ತಾರೀಖುಗಳ ಮೇಲೆ ಬೆರಳು ಓಡಿಸುತ್ತಿದ್ದಳು. ಇನ್ನೂ ತಪ್ಪು ಹುಡುಕುತ್ತಿದ್ದಳು. ಮಾವ ನಿಂತೇ ಹೇಳಿದ. ಬೆರಳು ಪಟ್ಟಿಯ ಮೇಲೆ ಇದ್ದಲ್ಲೇ ನಿಂತಿತು.

"ಇಡೀ ಪೆಟ್ಟಿಗೆ ಎಸೆದೆ ಮಾವ," ಎಂದಳು ಕೊನೆಗೆ. ಅಷ್ಟೇ.

ಅವನ ಸಹಿ ಇದ್ದ ಕಾಗದ ತೆಗೆದಳು. "ಹಚ್ಚಿದ್ದು ಏನು?"

"ಪಟಿಕ. ಆಮೇಲೆ ಲೋಷನ್ನು."

"ಎಷ್ಟು ಸಲ?"

"ನಾಲ್ಕು."

"ಕೇಳಿಸ್ಲಿಲ್ಲ."

"ನಾಲ್ಕು ಸಲ."

ಬರೆದುಕೊಂಡಳು. ಕೈಗವಸು ತೊಟ್ಟು ಹುಬ್ಬಿನ ತುದಿ ಒತ್ತಿ ನೋಡಿದಳು. "ಚರ್ಮ ಗಟ್ಟಿಯಾಗಿದೆ. ಇನ್ನು ಮೂರು ತಿಂಗಳು ಮುಟ್ಟೋ ಹಾಗಿಲ್ಲ. ಆಮೇಲೂ ಇಲ್ಲಿ ಬಣ್ಣ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ. ನಿಂತರೂ ಆ ಕಡೆಯದರ ಹಾಗಿರಲ್ಲ. ಇದು ಗೊತ್ತಿದ್ದು ಬರೋದಾದ್ರೆ ಬನ್ನಿ."

"ಬರ್ತೀನಿ. ಆವಾಗ ನನ್ನನ್ನ ಆ ಕಿಟಕಿ ಹತ್ರ ಕೂರಿಸಿ ಮಾಡು. ಬೀದಿಯೋರೆಲ್ಲ ನೋಡ್ಲಿ."

"ಕಿಟಕಿ ಹತ್ರ ಧೂಳು ಬರುತ್ತೆ ಮಾವ," ಎಂದಳು. "ನಿಮ್ಮ ಪ್ರಾಯಶ್ಚಿತ್ತ ಇಟ್ಕೊಂಡು ನಾನೇನ್ ಮಾಡ್ಲಿ? ನಂಗೆ ಚೊಕ್ಕ ಜಾಗ ಬೇಕು."

ಅವನು ಹೊರಡಲೆಂದು ಬಾಗಿಲಿನತ್ತ ತಿರುಗಿದಾಗ ಅವಳು ಕರೆದಳು.

"ನನ್ನ ದನಿ ಮಾಡ್ತೀರಂತಲ್ಲ. ಮಾಡಿ, ಕೇಳೋಣ."

"ಬೇಡ ಕಣೇ."

"ಊರಿಗೆಲ್ಲ ಕೇಳಿಸಿದೀರ. ನಾನೊಬ್ಳೇ ಕೇಳಿಲ್ಲ."

ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕತ್ತು ವಾಲಿಸಲಿಲ್ಲ, ಬೆರಳು ಎತ್ತಲಿಲ್ಲ. ಆದರೂ ದನಿ ಬಂತು, ಅದೇ ತೆಳುವು, ಕೊನೆಯ ಅದೇ ಎತ್ತು: "ಮಾವ, ನೋಡಿ, ಸೀಲು."

ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಹೌದು, ಹೀಗೇ ಹೇಳಿದ್ದೆ," ಎಂದಳು. "ಅಷ್ಟಕ್ಕೇ ಯಾಕೆ ನಿಲ್ಲಿಸಿದ್ರಿ? ಕೊನೇಲಿ ಏನೋ ಹೇಳಿದ್ದೆನಲ್ಲ, ಸಹಿ ಹಾಕೋ ಮುಂಚೆ. ಅದನ್ನೂ ಹೇಳಿ."

ಮಾವ ಬಾಯಿ ತೆರೆದ. "ಹತ್ತು ದಿನ ನೀರು ಸೋಕಿಸ್ಬೇಡಿ ಮಾವ. ಕೈ ತೊಳ್ಕೊಳ್ದೆ ಮುಟ್ಬೇಡಿ. ತುರಿಸಿದ್ರೆ ಮಾಗ್ತಿದೆ ಅಂತ ಅರ್ಥ, ಕೆರೀಬೇಡಿ. ಹಕ್ಕಳೆ ಕೀಳ್ಬೇಡಿ, ತಾನಾಗೇ ಬೀಳ್ಲಿ. ಈ ಮುಲಾಮು ಬಿಟ್ಟು ಬೇರೆ ಏನೂ ಹಚ್ಬೇಡಿ. ಸೋಪು ಬೇಡ, ಪೌಡರ್ ಬೇಡ, ಅಂಗಡೀಲಿರೋದು ಯಾವುದೂ ಬೇಡ. ಏನಾದ್ರೂ ಆದ್ರೆ ರಾತ್ರಿಯಾದ್ರೂ ಸರಿ, ಮೊದಲು ನಂಗೆ ಫೋನ್ ಮಾಡಿ."

ಒಂದಕ್ಷರ ತಪ್ಪಿರಲಿಲ್ಲ. ಕನ್ನಡಿಯಲ್ಲೇ ಮುಳುಗಿದ್ದೆ, ಕೇಳಿಸಲಿಲ್ಲ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡದ್ದೂ ಅಲ್ಲಿಗೆ ಮುಗಿಯಿತು. ಎಲ್ಲ ಕೇಳಿಸಿತ್ತು. ಕೊನೆಯ ಮಾತಿಗೆ ಬರುವ ಹೊತ್ತಿಗೆ ದನಿ ಅವಳದಾಗಿ ಉಳಿದಿರಲಿಲ್ಲ. ಪೋಸ್ಟ್‌ಮ್ಯಾನನದೂ ಅಲ್ಲ, ವಾಚ್‌ಮನ್‌ನದೂ ಅಲ್ಲ.

ಅವಳು ಒಂದು ಚೀಟಿಯ ಮೇಲೆ ಮೂರು ತಿಂಗಳ ಆಚೆಯ ತಾರೀಖು ಬರೆದು ಅವನ ಕೈಗಿತ್ತಳು. ಮಾವ ಅದನ್ನು ಕಲ್ಲು ಇದ್ದ ಜೇಬಿಗೆ ಹಾಕಹೋದವನು, ಕೈ ತಡೆದು, ಇನ್ನೊಂದು ಜೇಬಿಗೆ ಹಾಕಿಕೊಂಡ.